ಮುಖಂಡರಿಗೆ ಹುಷಾರಿಲ್ಲ

ನನ್ನ ತಲೆಯ ಮೇಲೆ ಒಂದು ಸಮುದ್ರ ಇದೆ. ಸುಳ್ಳಲ್ಲ. ಕಾವೋಷಿಯುಂಗ್ ಬಂದರಿನ ಪಕ್ಕದ ನಮ್ಮ ಓಣಿಯಲ್ಲಿ ನನ್ನದೊಂದು ತಿಂಡಿ ಅಂಗಡಿ. ನಾನು ಮೊಟ್ಟೆ ರೊಟ್ಟಿ ಬೇಯಿಸುವ ಕಾವಲಿಯ ನೇರ ಮೇಲೆ, ಮೊದಲನೆಯ ಮಹಡಿಯಲ್ಲಿ, ತು ಜಿನ್‌ಶ್ವೇ ಎಂಬ ಮಹಾನುಭಾವ ಮಂಚದಷ್ಟು ಉದ್ದದ ಗಾಜಿನ ತೊಟ್ಟಿ ಇಟ್ಟು, ಅದರೊಳಗೆ ಉಪ್ಪುನೀರು, ಕಲ್ಲು, ಹವಳ ತುಂಬಿಸಿದ್ದಾನೆ. ಅವನ ಕಿಟಕಿಯಿಂದ ಬಗ್ಗಿದರೆ ನಿಜವಾದ ಸಮುದ್ರ ಪುಕ್ಕಟೆ ಕಾಣುತ್ತದೆ. ಅದು ಸಾಲದೆಂದು ಈತ ಅಂಗಡಿಯಿಂದ ಉಪ್ಪಿನ ಚೀಲ ಹೊತ್ತು ತಂದು, ಸೋಸಿದ ನೀರಿಗೆ ಕಲಸಿ, ಮನೆಯಲ್ಲೇ ಸಮುದ್ರ ಮಾಡುತ್ತಾನೆ.

“ಬಂದರಿಗೆ ಹೋಗಿ ಒಂದು ಬಕೆಟ್ ಮೊಗೆದು ತಂದ್ರಾಗಲ್ವೇನಯ್ಯಾ?” ಎಂದು ಒಮ್ಮೆ ಕೇಳಿದ್ದೆ.

“ಆ ನೀರು ಹವಳಕ್ಕೆ ಆಗ್ಬರಲ್ಲ ಗೊಂಗ್ ಅಕ್ಕಾ. ಹಡಗಿನ ಎಣ್ಣೆ ಇರತ್ತೆ.”

“ಆ ಎಣ್ಣೆ ಗಾಳಿ ಕುಡ್ಕೊಂಡೇ ನಾನು ಬದುಕಿಲ್ವಾ?”

“ನೀವು ಹವಳ ಅಲ್ವಲ್ಲ ಅಕ್ಕಾ” ಎಂದ. ಇವನ ಸ್ವಭಾವವೇ ಹೀಗೆ. ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಡುತ್ತಾನೆ, ಕೇಳಿದವರಿಗೆ ಅವನ ಕೆನ್ನೆಗೊಂದು ಬಿಗಿಯಬೇಕು ಅನ್ನಿಸುತ್ತದೆ.

ಜಿನ್‌ಶ್ವೇ ಊರಾಚೆಯ ಕಂಪ್ಯೂಟರ್ ಚಿಪ್ ಕಾರ್ಖಾನೆಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನು. ಈಗ ನಿವೃತ್ತಿ. ಕಾರ್ಖಾನೆ ಅವನನ್ನು ಬಿಟ್ಟಿತೇ ಹೊರತು ಅವನು ಕಾರ್ಖಾನೆಯನ್ನು ಬಿಡಲಿಲ್ಲ. ಯಾವ ಯಂತ್ರ ಕಂಡರೂ ಮೊದಲು ಅದರ ತಲೆಯ ಮೇಲೆ ಜಾಣಮರಿ ಇದೆಯೋ ಎಂದು ನೋಡುತ್ತಾನೆ. ಜಾಣಮರಿ ಎಂದರೆ ಮಕ್ಕಳು ತಿನ್ನುವ ಜೋಳದ ಕುರುಕಲು. ಅದರ ಹೆಸರಿನ ಅರ್ಥವೇ ಅದು, ತಂಟೆ ಮಾಡದೆ ಹೇಳಿದ ಮಾತು ಕೇಳು ಅಂತ. ಅದರ ಹಸಿರು ಪ್ಯಾಕೆಟ್ಟನ್ನು ಯಂತ್ರದ ಮೇಲಿಟ್ಟರೆ ಯಂತ್ರ ಹೇಳಿದಂತೆ ಕೇಳುತ್ತದೆ. ಹಸಿರೇ ಆಗಬೇಕು, ಹಳದಿ, ಕೆಂಪು ಇಟ್ಟರೆ ಕೆಟ್ಟು ನಿಲ್ಲುತ್ತದೆ. ಪ್ಯಾಕೆಟ್ಟನ್ನು ಒಡೆಯಬಾರದು, ತಿನ್ನಬಾರದು, ಇಟ್ಟ ಮೇಲೆ ಜರುಗಿಸಬಾರದು. ಎಲ್ಲಕ್ಕಿಂತ ಮುಖ್ಯ, ಮೇಲೆ ಅಚ್ಚಾದ ಕೊನೆಯ ದಿನಾಂಕ ಮೀರಬಾರದು. ಬ್ಯಾಂಕಿನ ಯಂತ್ರದ ಮೇಲೂ ಇದೆ, ಆಸ್ಪತ್ರೆಯಲ್ಲೂ ಇದೆ, ನನ್ನ ಸೋಯಾ ಹಾಲಿನ ಯಂತ್ರದ ಮೇಲೂ ಒಂದು ಕೂತಿದೆ. ನಗುವವರು ನಗಲಿ, ನನ್ನ ಯಂತ್ರ ಇದುವರೆಗೆ ಕೈಕೊಟ್ಟಿಲ್ಲ.

ಆದರೆ ಜಿನ್‌ಶ್ವೇಯ ಭಕ್ತಿ ಬೇರೆಯೇ ಮಟ್ಟದ್ದು. ಒಮ್ಮೆ ದಿನಾಂಕ ನಿನ್ನೆಗೇ ಮುಗಿದ ಪ್ಯಾಕೆಟ್ಟೊಂದನ್ನು ಕಂಡು ಇಡೀ ಸಾಲಿನ ಯಂತ್ರಗಳನ್ನು ನಿಲ್ಲಿಸಿಬಿಟ್ಟಿದ್ದನಂತೆ. ಮ್ಯಾನೇಜರ್ ಬಂದು ಬಾಯಿಗೆ ಬಂದಂತೆ ಬೈದನಂತೆ. ಇವನು ಕೈಕಟ್ಟಿ ನಿಂತು, “ಬೈಯಿರಿ ಸಾರ್, ಹೊಸ ಪ್ಯಾಕೆಟ್ ಬರೋವರೆಗೂ ಬೈಯಿರಿ, ಹೇಗೂ ಟೈಮಿದೆ” ಅಂದನಂತೆ. ಇದನ್ನು ಅವನು ಜಂಬದಿಂದ ಹೇಳುವುದಲ್ಲ, ರಸ್ತೆ ದಾಟುವಾಗ ಎರಡೂ ಕಡೆ ನೋಡಬೇಕು ಎನ್ನುವ ಧಾಟಿಯಲ್ಲಿ ಹೇಳುತ್ತಾನೆ.

ಇಡೀ ಓಣಿಯಲ್ಲಿ ಜಾಣಮರಿಯನ್ನು ನಂಬದವಳು ಒಬ್ಬಳೇ, ಅವನ ಹೆಂಡತಿ ಬಿಶ್ಯಾ. ಮನೆಯಲ್ಲೇ ಕೂತು ಬಟ್ಟೆ ಮೊಟಕು ಮಾಡಿ, ಜಿಪ್ ಹಾಕಿ ಕೊಡುತ್ತಾಳೆ. ಅವಳ ಹೊಲಿಗೆ ಯಂತ್ರದ ಮೇಲೆ ಗಂಡ ಇಟ್ಟ ಪ್ಯಾಕೆಟ್ಟನ್ನು ಮದುವೆಯಾದ ಹೊಸತರಲ್ಲೇ ಒಡೆದು ಚಹಾದ ಜೊತೆ ತಿಂದು ಮುಗಿಸಿದ್ದಳು. “ಮೆಷಿನ್‌ಗೆ ಎಣ್ಣೆ ಬಿಟ್ರೆ ಓಡತ್ತೆ. ತಿಂಡಿ ಕೊಟ್ಟು ಮುದ್ದು ಮಾಡೋಕೆ ಅದೇನು ಎಳೇ ಮಗುವಾ?” ಎಂದಿದ್ದಳು. ಜಿನ್‌ಶ್ವೇಗೆ ಅನ್ನ ಸೇರಲಿಲ್ಲವಂತೆ ಆವತ್ತು. ಆದರೂ ಸಂಸಾರ ನಡೆಯಿತು, ಎಲ್ಲರ ಮನೆಯಲ್ಲಿ ನಡೆಯುವ ಹಾಗೆ.

ಅದು ಕೆಟ್ಟಿದ್ದು ಚಳಿಗಾಲದ ಸಂಕ್ರಮಣದ ದಿನ. ಆವತ್ತು ಎಲ್ಲರ ಮನೆಯಲ್ಲೂ ಅಕ್ಕಿ ಉಂಡೆಯ ಸಾರು. ಬಿಶ್ಯಾಳ ಅಣ್ಣ ಪಿಂಗ್‌ತುಂಗ್‌ನಿಂದ ಸಂಸಾರ ಸಮೇತ ಬಂದಿದ್ದ, ನನಗೂ ಕರೆ ಇತ್ತು. ಬಿಶ್ಯಾ ಬೆಳಗಿನಿಂದ ನಿಂತು ಅಣಬೆ, ಒಣ ಸಿಗಡಿ ಹುರಿದು, ಅಡುಗೆಮನೆಯ ಮೂಲೆಯಲ್ಲಿದ್ದ ಬಕೆಟ್ಟಿನಿಂದ ನೀರು ಸುರಿದು ಸಾರು ಕುದಿಸಿದ್ದಳು. ಎಲ್ಲರೂ ಒಟ್ಟಿಗೆ ಒಂದೊಂದು ಚಮಚ ಬಾಯಿಗಿಟ್ಟೆವು, ಎಲ್ಲರೂ ಒಟ್ಟಿಗೆ ಉಗುಳಿದೆವು. ಅಣ್ಣನಂತೂ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದ. ಬಿಶ್ಯಾಳ ಮುಖ ಬಿಳಿಚಿಕೊಂಡಿತು.

ಆಗ ಜಿನ್‌ಶ್ವೇ ಮೇಲೆದ್ದು ಬಕೆಟ್ಟಿನೊಳಗೆ ಇಣುಕಿ ನೋಡಿ, “ಅಯ್ಯಯ್ಯೋ!” ಎಂದು ಎದೆ ಹಿಡಿದುಕೊಂಡ. “ಇದು ತೊಟ್ಟಿಗೆ ಅಂತ ಕಲಸಿಟ್ಟ ನೀರು! ನಿನ್ನೆಯಿಂದ ಹದ ಮಾಡ್ತಿದ್ದೆ! ಎಲ್ಲಾ ಹಾಳಾಯ್ತಲ್ಲಾ!”

ನೆಂಟರ ಮುಂದೆ ಮಾನ ಹೋದ ಹೆಂಡತಿ ಎದುರಿಗೆ ನಿಂತಿದ್ದಾಳೆ, ಇವನು ನೀರಿಗಾಗಿ ಅಳುತ್ತಿದ್ದಾನೆ. ನನಗೇ ಮೈ ಉರಿಯಿತು. ಬಿಶ್ಯಾ ಕೂಗಾಡಲಿಲ್ಲ. ಸೌಟನ್ನು ಮೆಲ್ಲಗೆ ಕೆಳಗಿಟ್ಟು, “ನಿಮಗೆ ಬೇಕಾಗಿರೋದು ಆ ಹವಳ ತಾನೇ? ಇನ್ಮೇಲೆ ಅದರ ಹತ್ರಾನೇ ಮಾತಾಡ್ಕೊಳಿ” ಎಂದಳು.

ಬೇರೆ ಗಂಡಸಾಗಿದ್ದರೆ ಸಂಜೆಯೊಳಗೆ ಏನಾದರೂ ಮಸ್ಕಾ ಹೊಡೆದು ರಾಜಿ ಮಾಡಿಕೊಳ್ಳುತ್ತಿದ್ದ. ಆದರೆ ಇವನು ಬದುಕೆಲ್ಲ ಯಂತ್ರದ ಮೇಲೆ ಅಂಟಿಸಿದ ಸೂಚನೆಗಳನ್ನು ಅಕ್ಷರಶಃ ಪಾಲಿಸಿದವನು. ಮರುದಿನ ಬೆಳಿಗ್ಗೆ ತೊಟ್ಟಿಯ ಮುಂದೆ ನೆಟ್ಟಗೆ ನಿಂತು, ನಡುವಿನ ದೊಡ್ಡ ಹವಳವನ್ನು ನೋಡಿ, “ಇವತ್ತು ಬೆಳಿಗ್ಗೆ ಗಂಜಿ ಇದೆಯಾ ಅಂತ ಅವಳನ್ನ ಕೇಳಿ” ಎಂದ.

ಆ ಹವಳದ ಬಗ್ಗೆ ಹೇಳಬೇಕು. ಕಲ್ಲಿನಂಥ ಹವಳ ಅಲ್ಲ, ಮೆದು ಹವಳ. ದಪ್ಪ ಕಾಂಡ, ಮೇಲೆ ಊಟದ ತಟ್ಟೆಯಷ್ಟು ಅಗಲದ ಟೋಪಿ, ಆ ಟೋಪಿಯ ತುಂಬ ಸಣ್ಣ ಸಣ್ಣ ಬೆರಳುಗಳು. ನೀರು ಅಲುಗಿದಾಗೆಲ್ಲ ಟೋಪಿ ಸಮಾಧಾನವಾಗಿ ತಲೆದೂಗುತ್ತಿತ್ತು. ಯಾರು ಏನೇ ಹೇಳಿದರೂ ಹೌದು ಹೌದು ಅನ್ನುವಂತೆ. ನಮ್ಮ ವಾರ್ಡಿನ ಮುಖಂಡ ಪಾನ್ ಕೂಡ ಗಂಡಹೆಂಡಿರ ಜಗಳ ಬಿಡಿಸಲು ಬಂದಾಗ ಹೀಗೇ ಇಬ್ಬರಿಗೂ ತಲೆದೂಗಿ ಎದ್ದು ಹೋಗುತ್ತಾರೆ. ಹಾಗಾಗಿ ಬಿಶ್ಯಾ ಅದಕ್ಕೆ ಮುಖಂಡರು ಎಂದೇ ಹೆಸರಿಟ್ಟಳು. ಗಂಡನಿಗೆ ಉತ್ತರ ಕೊಡಬೇಕಲ್ಲ, ಅವಳೂ ಅದರ ಮೂಲಕವೇ ಕೊಟ್ಟಳು.

“ಮುಖಂಡರೇ, ಗಂಜಿ ಆರಿಹೋಗ್ತಿದೆ ಅಂತ ಆ ಮನುಷ್ಯನಿಗೆ ತಿಳಿಸಿ.”

“ಮುಖಂಡರೇ, ಮೀನಿಗೆ ಶುಂಠಿ ಒಂಚೂರು ಜಾಸ್ತಿ ಆಗಿದೆ ಅಂತ ತಿಳಿಸಿ.”

“ಜಾಸ್ತಿ ಆಗಿದ್ರೆ ತೆಗೆದಿಟ್ಟು ತಿನ್ನೋಕೆ ಹೇಳಿ. ಕೈ ಇಲ್ವಾ ಅಂತ ಕೇಳಿ.”

“ಕೈ ಇದೆ ಅಂತ ಹೇಳಿ ಮುಖಂಡರೇ. ಮೀನು ಚೆನ್ನಾಗೇ ಇದೆ ಅಂತಲೂ ಹೇಳಿ.”

ಕೆಳಗೆ ಕಾವಲಿಯ ಮುಂದೆ ನಿಂತ ನನಗೆ ಕಿಟಕಿಯಿಂದ ಎಲ್ಲ ಕೇಳುತ್ತಿತ್ತು. ನನ್ನ ಗಿರಾಕಿಗಳು ಮೊಟ್ಟೆ ರೊಟ್ಟಿ ಮುಗಿದ ಮೇಲೂ ಏಳುತ್ತಿರಲಿಲ್ಲ. ವಿಚಿತ್ರ ಏನೆಂದರೆ, ನೇರವಾಗಿ ಮಾತಾಡುತ್ತಿದ್ದ ಕಾಲದಲ್ಲಿ ಆ ಇಬ್ಬರು ಇಷ್ಟು ಮರ್ಯಾದೆಯಿಂದ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಹೊಸವರ್ಷದ ಹಬ್ಬ ಕಳೆಯಿತು, ವಸಂತ ಬಂತು, ಮುಖಂಡರ ಆಡಳಿತ ನಡೆದೇ ಇತ್ತು.

ಬೇಸಿಗೆ ಹತ್ತಿದಂತೆ ತೊಟ್ಟಿಯಲ್ಲಿ ಅಪಶಕುನ ಶುರುವಾಯಿತು. ಮೊದಲು ಮೂಲೆಯಲ್ಲಿ ಹಸಿರು ಹುಲ್ಲಿನಂತೆ ಹಬ್ಬಿದ್ದ ಹವಳ ಮುದುಡಿಕೊಂಡಿತು. ಆಮೇಲೆ ಗುಂಡಿಗಳನ್ನು ಹೊಲಿದಿಟ್ಟಂತೆ ಇದ್ದದ್ದು ಒಂದೊಂದೇ ಕರಗಿತು. ಕೊನೆಗೆ ಮುಖಂಡರ ಟೋಪಿಯ ಬೆರಳುಗಳು ಒಳಗೆ ಸೇರಿಕೊಂಡವು, ಅಂಚು ಕೆಳಗೆ ಜೋತುಬಿತ್ತು. ಮೀನುಗಳು ಆರಾಮಾಗಿದ್ದವು, ಕಲ್ಲು ಕಲ್ಲಾಗಿಯೇ ಇತ್ತು. ಮೆದು ಇದ್ದದ್ದು ಮಾತ್ರ ಸೊರಗುತ್ತಿತ್ತು.

ಜಿನ್‌ಶ್ವೇ ಯುದ್ಧಕ್ಕೆ ಇಳಿದ. ಬೆಳಿಗ್ಗೆ ಎದ್ದೊಡನೆ ಗಾಜಿನ ಕೊಳವೆಗಳಲ್ಲಿ ನೀರು ಹಿಡಿದು, ಬಣ್ಣ ಬಣ್ಣದ ಹನಿ ಹಾಕಿ, ಬೆಳಕಿಗೆ ಎತ್ತಿ ನೋಡುತ್ತಿದ್ದ. ಉಪ್ಪು ಸರಿ. ಸುಣ್ಣ ಸರಿ. ಮೀನಿನ ಹೊಲಸು ಇಲ್ಲ. ತೊಟ್ಟಿಯ ಕೆಳಗಿನ ಕಪಾಟು ತೆರೆದು ನೀರು ತಣಿಸುವ ಯಂತ್ರದ ಅಂಕಿ ಓದುತ್ತಿದ್ದ: ಇಪ್ಪತ್ತಾರು ಡಿಗ್ರಿ, ಸರಿ. ಎಲ್ಲವೂ ಸರಿ, ಹವಳ ಮಾತ್ರ ಸಾಯುತ್ತಿದೆ. ತಾಮ್ರದ ಕಣ ಬಿದ್ದರೆ ಹವಳಕ್ಕೆ ವಿಷವಂತೆ. ಅದಕ್ಕೆ ಮನೆಯಲ್ಲಿದ್ದ ನಾಣ್ಯ, ಬೀಗದಕೈ, ಬಿಶ್ಯಾಳ ಸೂಜಿಡಬ್ಬಿ ಎಲ್ಲ ಮುಖಂಡರ ಮೂಲಕ ವಿಚಾರಣೆಗೆ ಒಳಗಾದವು.

ಹವಳದ ಅಂಗಡಿಯ ವೇ ಬಂದ. ಹೊಟ್ಟೆ ಮುಂದೆ, ಅವನು ಹಿಂದೆ. ನನ್ನಲ್ಲಿ ಎರಡು ರೊಟ್ಟಿ ತಿಂದು ಮೇಲೆ ಹೋಗಿ, ತೊಟ್ಟಿಯ ನೀರನ್ನು ಬೆರಳಲ್ಲಿ ನೆಕ್ಕಿ ನೋಡಿದ.

“ನಿಮ್ಮ ನೀರು ನನ್ನ ಅಂಗಡಿ ನೀರಿಗಿಂತ ಚೆನ್ನಾಗಿದೆ ಕಣ್ರೀ. ನಾನೇ ನಾಚ್ಕೋಬೇಕು” ಎಂದ. ಆಮೇಲೆ ಗಂಭೀರನಾಗಿ, “ನೋಡಿ, ಈ ಮೆದು ಹವಳದವು ನೋಡೋಕೆ ಪಾಪ. ಆದ್ರೆ ಪಕ್ಕದಲ್ಲಿರೋದನ್ನ ಕಂಡ್ರಾಗಲ್ಲ. ಮುಟ್ಟಲ್ಲ, ಕಚ್ಚಲ್ಲ. ಸುಮ್ನೆ ಒಂದೇ ನೀರಲ್ಲಿ ಇದ್ಕೊಂಡು ಒಳಗೊಳಗೇ ವಿಷ ಬಿಡ್ತಾ ಇರ್ತವೆ. ಹೊರಗಡೆಯಿಂದ ನೋಡೋರಿಗೆ ಗೊತ್ತೇ ಆಗಲ್ಲ” ಎಂದ.

ಬಿಶ್ಯಾ ಹೊಲಿಗೆ ಯಂತ್ರ ನಿಲ್ಲಿಸಿದಳು. ಜಿನ್‌ಶ್ವೇ ನೆಲ ನೋಡಿದ. ಅಂಗಡಿಯವನಿಗೆ ತಾನು ಏನು ಹೇಳಿದೆ ಎಂಬುದೇ ತಿಳಿಯಲಿಲ್ಲ. ಒಂದು ಚೀಲ ಇದ್ದಿಲು ಕೊಟ್ಟು, ವಿಷ ಹೀರಿಕೊಳ್ಳಲು ತೊಟ್ಟಿಯಲ್ಲಿ ಇಡಿ ಎಂದು ಹೇಳಿ ಹೋದ. ಇದ್ದಿಲು ಇಟ್ಟರು. ಮುಖಂಡರು ಇನ್ನಷ್ಟು ಬಾಗಿದರು.

ಆಮೇಲೆ ಅನುಮಾನ ಹೊಗೆಯ ಮೇಲೆ ತಿರುಗಿತು. “ಮುಖಂಡರೇ, ದೇವರ ಮುಂದಿನ ಊದುಬತ್ತಿ ನಿಮಗೆ ಆಗ್ತಿಲ್ವೇನೋ ಅಂತ ನನಗೆ ಅನುಮಾನ. ಅವಳಿಗೆ ಕೋಪ ಬರದ ಹಾಗೆ ತಿಳಿಸಿ” ಎಂದ ಜಿನ್‌ಶ್ವೇ. ಬಿಶ್ಯಾ ಮಾತ್ಸು ದೇವಿಯನ್ನೇ ಎತ್ತಿ ಬಾಲ್ಕನಿಯಲ್ಲಿ ಕೂರಿಸಿದಳು. ಸಮುದ್ರದ ದೇವಿ, ಎದುರಿಗೆ ಸಮುದ್ರ, ಅವಳಿಗೇನೂ ಬೇಸರವಾದಂತೆ ಕಾಣಲಿಲ್ಲ. ಮುಂದಿನ ಸರದಿ ನನ್ನದು.

“ಅಕ್ಕಾ, ನಿಮ್ಮ ಕಾವಲಿ ಹೊಗೆ...”

“ಏನು ನನ್ನ ಕಾವಲಿ ಹೊಗೆ?”

“ಏನಿಲ್ಲ. ಎಣ್ಣೆ ಒಂಚೂರು ಕಡಿಮೆ ಹಾಕಿದ್ರೆ...”

“ನಿನ್ನ ತಾತ ಈ ಅಂಗಡಿ ರೊಟ್ಟಿ ತಿಂದು ಹಲ್ಲುದುರೋವರೆಗೂ ಬದುಕಿದ್ದ. ನಿನ್ನ ಟೋಪಿಗೆ ಆಗಲ್ಲ ಅಂದ್ರೆ ಅದಕ್ಕೆ ಬಾಯ್ಮುಚ್ಕೊಂಡು ಇರೋಕೆ ಹೇಳು!” ಎಂದು ಚಟ್ಟುಗ ತೋರಿಸಿದೆ. ಹೋದ. ಆದರೆ ಮರುದಿನದಿಂದ ಹೊಗೆಯ ಫ್ಯಾನನ್ನು ಬೀದಿ ಕಡೆಗೆ ತಿರುಗಿಸಿಕೊಂಡೆ. ಅವನಿಗಾಗಿ ಅಲ್ಲ. ಬಿಶ್ಯಾ ನನಗೆ ಹೇಳಿದ ಒಂದು ಮಾತಿಗಾಗಿ.

ಅವನು ಬಂದುಹೋದ ಸಂಜೆಯೇ ಅವಳು ಸೋಯಾ ಹಾಲಿಗೆ ಬಂದವಳು ಕುರ್ಚಿ ಎಳೆದು ಕೂತಳು. “ಅಣ್ಣ ಕರೀತಿದ್ದಾನೆ. ಪಿಂಗ್‌ತುಂಗ್‌ನಲ್ಲಿ ಒಂದು ರೂಮಿದೆಯಂತೆ, ಹೊಲಿಗೆ ಮೆಷಿನ್ ತಗೊಂಡು ಬಂದ್ಬಿಡು ಅಂತಾನೆ.”

“ಹೋಗ್ತೀಯಾ?”

“ಮುಖಂಡರು ಇರೋವರೆಗೂ ಇರ್ತೀನಿ.” ಅವಳು ನಗಲಿಲ್ಲ. “ಅದು ಹೋದ್ರೆ ಆ ಮನೇಲಿ ನಾನು ಯಾರ ಹತ್ರ ಮಾತಾಡ್ಲಿ ಹೇಳು? ಅವರು ನೇರವಾಗಿ ಮಾತಾಡಲ್ಲ. ನಾನೂ ಆಡಲ್ಲ. ಈಗ ಶುರು ಮಾಡೋಣ ಅಂದ್ರೆ ಏನಂತ ಶುರು ಮಾಡೋದು?”

“ಗಂಜಿ ತಿಂದ್ರಾ ಅಂತ.”

“ಅದನ್ನ ಮುಖಂಡರೇ ಕೇಳ್ತಾರಲ್ಲ” ಎಂದಳು ಬಿಶ್ಯಾ. ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಒಂದು ಅಂಟಂಟಾದ ಸಮುದ್ರದ ಗಿಡವೋ ಪ್ರಾಣಿಯೋ, ಅದು ಬದುಕಿದರೆ ಒಂದು ಸಂಸಾರ ಉಳಿಯುತ್ತದೆ, ಸತ್ತರೆ ಮುರಿಯುತ್ತದೆ. ಕೇಳಿದವರು ನಗುತ್ತಾರೆ. ನನಗೆ ಮಾತ್ರ ಆ ರಾತ್ರಿ ಊಟ ರುಚಿಸಲಿಲ್ಲ.

ಆ ಚಿಂತೆಯಲ್ಲಿಯೇ ಮರುದಿನ ಅಂಗಡಿಯಲ್ಲಿ ಯಾರ ಹತ್ತಿರವೋ, “ಮುಖಂಡರು ಈ ಬೇಸಿಗೆ ದಾಟೋದು ಕಷ್ಟ. ತಲೆ ಎತ್ತೋಕೇ ಆಗ್ತಿಲ್ಲ, ಮೈಯೆಲ್ಲ ಲೋಳೆ ಲೋಳೆ” ಎಂದುಬಿಟ್ಟೆ. ಮಧ್ಯಾಹ್ನದೊಳಗೆ ವಾರ್ಡ್ ಮುಖಂಡ ಪಾನ್ ಅವರ ಮನೆ ಮುಂದೆ ಹಣ್ಣಿನ ಬುಟ್ಟಿಗಳ ಸಾಲು. ದೇವಸ್ಥಾನದ ಸಮಿತಿಯವರು ಆಯುಷ್ಯಕ್ಕಾಗಿ ದೀಪ ಹಚ್ಚಿಸಿದ ಚೀಟಿ ತಂದುಕೊಟ್ಟರು. ಮುಂದಿನ ಚುನಾವಣೆಗೆ ನಿಲ್ಲುವ ಆಸೆಯಿದ್ದ ಇಬ್ಬರು ಎಲ್ಲರಿಗಿಂತ ದೊಡ್ಡ ಬುಟ್ಟಿ ತಂದಿದ್ದರು.

ಪಾನ್ ಬನಿಯನ್ನಿನಲ್ಲೇ ನನ್ನ ಅಂಗಡಿಗೆ ನುಗ್ಗಿದರು. “ಗೊಂಗ್! ನಂಗೆ ಮೈಯೆಲ್ಲ ಲೋಳೆ ಅಂತ ಹೇಳಿದ್ದು ನೀನಾ?”

“ನಿಮ್ಮನ್ನಲ್ಲ ಮುಖಂಡರೇ, ಹವಳಾನ.”

“ಹವಳಕ್ಕೆ ನನ್ನ ಹೆಸರಾ?”

“ನಿಮ್ಮ ಹೆಸರಲ್ಲ, ನಿಮ್ಮ ಹುದ್ದೆ.”

ಅವರು ಬನಿಯನ್ ಕೆಳಗೆಳೆದುಕೊಂಡರು. “ಅದು ಜಗಳ ಬಿಡಿಸತ್ತಾ?”

“ಬಿಡಿಸತ್ತೆ. ನಿಮಗಿಂತ ಚೆನ್ನಾಗಿ.”

ಪಾನ್ ಒಂದು ಬುಟ್ಟಿ ಸೀಬೆಹಣ್ಣನ್ನು ನನ್ನ ಮೇಜಿನ ಮೇಲೆ ಇಟ್ಟು, “ಇದನ್ನ ಮೇಲೆ ಕಳಿಸು. ಹುದ್ದೆಯಲ್ಲಿ ಇರೋರಿಗೆ ಸಲ್ಲಬೇಕು” ಎಂದು ಹೇಳಿ ಹೊರಟುಹೋದರು.

ಮಧ್ಯಾಹ್ನದ ಬಿಡುವಿಗೆ ಅಂಗಡಿ ಮುಚ್ಚಿ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿದೆ. ಸೆಕೆಗೆ ಗೋಡೆಗಳೇ ಬೆವರುತ್ತಿದ್ದವು. ಆ ಹೊತ್ತಿನಲ್ಲಿ ಜಿನ್‌ಶ್ವೇ ಮನೆಯಲ್ಲಿ ಇರುವುದಿಲ್ಲ. ಊಟ ಮುಗಿಸಿದೊಡನೆ ದೇವಸ್ಥಾನದ ಮುಂದಿನ ಆಲದ ಮರದ ಕೆಳಗೆ ಚದುರಂಗಕ್ಕೆ ಹೋದವನು ಬಿಸಿಲು ಇಳಿದ ಮೇಲೇ ಬರುವುದು. ಬಾಗಿಲು ತೆರೆದೇ ಇತ್ತು. ಬಿಶ್ಯಾ ತೊಟ್ಟಿಯ ಮುಂದೆ ನೆಲದ ಮೇಲೆ ಕೂತಿದ್ದಳು. ಒಳಗೆ ಮುಖಂಡರು ಪೂರ್ತಿ ಮಗ್ಗುಲಾಗಿದ್ದರು. ಹಿಂಡಿ ಬಿಸಾಡಿದ ಒರಸುಬಟ್ಟೆಯ ಹಾಗೆ ಕಲ್ಲಿನ ಮೇಲೆ ಬಿದ್ದುಕೊಂಡಿದ್ದರು.

“ದಿನಾ ಈ ಹೊತ್ತಿಗೆ ಹೀಗೇ ಆಗತ್ತೆ” ಎಂದಳು. “ಬೆಳಿಗ್ಗೆ ಸ್ವಲ್ಪ ಏಳ್ತಾರೆ, ಮಧ್ಯಾಹ್ನ ಮಲಗಿಬಿಡ್ತಾರೆ. ಇವತ್ತು ಏಳೋ ಹಾಗೆ ಕಾಣಲ್ಲ.”

“ದಿನಾನಾ? ನಿನ್ನ ಗಂಡ ಬೆಳಿಗ್ಗೆ ನಂಗೆ ಇವತ್ತು ವಾಸಿ ಅಂದ, ನಿನ್ನೆಯೂ ವಾಸಿ ಅಂದ.”

“ಅವರು ನೋಡೋದು ಬೆಳಿಗ್ಗೆ.”

“ನೀನು ನೋಡೋದು ಮಧ್ಯಾಹ್ನ. ಮಧ್ಯಾಹ್ನ ಹೀಗಾಗತ್ತೆ ಅಂತ ಅವನಿಗೆ ಹೇಳಿದ್ಯಾ?”

“ಹೇಗೆ ಹೇಳಲಿ? ಹೇಳಬೇಕಾಗಿರೋದು ಮುಖಂಡರ ಮೂಲಕ. ‘ಮುಖಂಡರೇ, ನೀವು ಸಾಯ್ತಿದ್ದೀರಿ ಅಂತ ಅವರಿಗೆ ತಿಳಿಸಿ’ ಅಂತ ಸಾಯ್ತಿರೋರ ಮುಖಕ್ಕೇ ಹೇಳೋಕಾಗತ್ತಾ?”

ಮುಖಂಡರನ್ನು ಬಗ್ಗಿ ನೋಡಲು ಗಾಜಿಗೆ ಕೈ ಊರಿದೆ. ತಟ್ಟನೆ ಹಿಂದೆಳೆದೆ. ಗಾಜು ಬೆಚ್ಚಗಿತ್ತು.

“ಬಿಶ್ಯಾ, ಇದೇನು ಸಮುದ್ರಾನಾ ಸಾರಾ?”

ಕಿಟಕಿಗೆ ಹೋಗಿ ಓಣಿಯ ಕೊನೆಯವರೆಗೂ ಕೇಳುವ ಹಾಗೆ ಅರಚಿದೆ. “ಜಿನ್‌ಶ್ವೇ! ಏ ಜಿನ್‌ಶ್ವೇ! ಬಾರೋ ಬೇಗ! ಮುಖಂಡರು ಹೋಗ್ತಿದ್ದಾರೆ!” ಪಾನ್ ಅವರ ಮನೆಯ ಕಿಟಕಿ ದಢಾರನೆ ಮುಚ್ಚಿಕೊಂಡಿತು.

ಜಿನ್‌ಶ್ವೇ ಕೈಯಲ್ಲಿ ಚದುರಂಗದ ಆನೆ ಹಿಡಿದುಕೊಂಡೇ ಓಡಿಬಂದ. ಮುಖಂಡರನ್ನು ನೋಡಿ ತೊಟ್ಟಿಯ ಮುಂದೆ ನೆಲದ ಮೇಲೆ ಕೂತುಬಿಟ್ಟ. ನಾನು ಕಾಯಲಿಲ್ಲ. ಕೆಳಗಿನ ಕಪಾಟಿನ ಬಾಗಿಲು ಎಳೆದೆ. ಒಲೆಯ ಬಾಯಿ ತೆರೆದಂತೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ನೀರು ತಣಿಸುವ ಯಂತ್ರ ಸದ್ದಿಲ್ಲದೆ ನಿಂತಿತ್ತು. ಮೈ ಮುಟ್ಟಿದರೆ ಸುಡುತ್ತಿತ್ತು. ಅದರ ನೆತ್ತಿಯ ಮೇಲೆ ಒಂದು ಹಸಿರು ಜಾಣಮರಿ, ಅಂಗೈಯಗಲದ್ದು, ಶಿಸ್ತಾಗಿ ಕೂತಿತ್ತು. ಅದು ಇವನದೇ, ಗೊತ್ತಾಗುತ್ತದೆ. ಬಗ್ಗಿ ಹಿಂದಕ್ಕೆ ನೋಡಿದೆ. ಯಂತ್ರದ ಬೆನ್ನಿಗೂ ಗೋಡೆಗೂ ನಡುವೆ, ಬಿಸಿಗಾಳಿ ಹೊರಗೆ ಹೋಗುವ ಕಿಂಡಿಗೆ ಅಡ್ಡಲಾಗಿ, ಜಾಣಮರಿಯ ಮೇಲೆ ಜಾಣಮರಿ, ಪಕ್ಕದಲ್ಲಿ ಜಾಣಮರಿ, ಸಂದಿಯಲ್ಲಿ ತುರುಕಿದ ಜಾಣಮರಿ. ಒಂದು ಇರುವೆ ನುಸುಳಲೂ ಜಾಗವಿರಲಿಲ್ಲ.

“ಇದ್ಯಾರ ಕೆಲಸ?” ಎಂದೆ.

ಇಬ್ಬರೂ ಅಭ್ಯಾಸಬಲದಿಂದ ಮುಖಂಡರ ಕಡೆ ನೋಡಿದರು. ಮುಖಂಡರು ಮಗ್ಗುಲಾಗಿದ್ದರು.

ನನಗೆ ತಡೆಯಲಿಲ್ಲ. ಕೈಹಾಕಿ ಪ್ಯಾಕೆಟ್ಟು ಕೀಳತೊಡಗಿದೆ. ಜಿನ್‌ಶ್ವೇ ನನ್ನ ಮಣಿಕಟ್ಟು ಹಿಡಿದುಕೊಂಡ. “ಬೇಡ ಅಕ್ಕಾ. ಜರುಗಿಸ್ಬೇಡಿ.”

“ತಲೆ ಕೆಟ್ಟಿದ್ಯೇನೋ ನಿಂಗೆ? ಗಾಳಿ ಕಿಂಡಿ ಮುಚ್ಚಿದೆ! ಮಧ್ಯಾಹ್ನ ಕಾದು ನಿಂತ್ಹೋಗತ್ತೆ, ರಾತ್ರಿ ತಣ್ಣಗಾಗಿ ಮತ್ತೆ ಓಡತ್ತೆ, ಬೆಳಿಗ್ಗೆ ನೀನು ಬಂದು ಇಪ್ಪತ್ತಾರು ಅಂತ ಓದ್ತೀಯ. ಫ್ರಿಜ್ ಹಿಂದೆ ಒಂದು ಗೋಣಿಚೀಲ ಇಡಬಾರದು ಅಂತ ನಂಗೇ ಗೊತ್ತು. ಜೀವಮಾನ ಎಲ್ಲಾ ಮೆಷಿನ್ ನೋಡಿದವನಿಗೆ ಗೊತ್ತಿಲ್ವಾ?”

“ಗೊತ್ತು” ಎಂದ ಜಿನ್‌ಶ್ವೇ.

ಹೀಗೆ ಹೇಳುತ್ತಾನೆ ಎಂದು ನಾನು ಎಣಿಸಿರಲಿಲ್ಲ.

ಅವನು ತೊಟ್ಟಿಯ ಕಡೆ ತಿರುಗಿ, “ಮುಖಂಡರೇ...” ಎಂದು ಶುರು ಮಾಡಿದ. ಬಿದ್ದುಕೊಂಡವರ ಹತ್ತಿರ ಏನಂತ ಹೇಳಿ ಕಳಿಸುವುದು? ಚದುರಂಗದ ಆನೆಯನ್ನು ಅಂಗೈಯಲ್ಲಿ ಹೊರಳಿಸಿದ, ಇನ್ನೊಮ್ಮೆ ಹೊರಳಿಸಿದ. ಆಮೇಲೆ ನೆಲದ ಮೇಲಿಂದಲೇ ಹೆಂಡತಿಯ ಕಡೆಗೆ ತಿರುಗಿದ.

“ನೀನು ಇಟ್ಟಿದ್ದು” ಎಂದ. ನೀನು ಎಂಬ ಮಾತು ಅವನ ಬಾಯಿಂದ ಆ ಮನೆಯಲ್ಲಿ ಸಂಕ್ರಮಣದ ಮೇಲೆ ಬಂದದ್ದು ಅದೇ ಮೊದಲು. “ಒಂದು ದಿನ ಬೆಳಿಗ್ಗೆ ನೋಡಿದ್ರೆ ಹಿಂದುಗಡೆ ಒಂದು ಜಾಣಮರಿ. ನನ್ನದಲ್ಲ. ನಾನಂತೂ ಕಿಂಡಿಗೆ ಇಡಲ್ಲ. ಜೀವಮಾನ ಎಲ್ಲಾ ನನ್ನ ನೋಡಿ ನಕ್ಕವಳು ನೀನು, ನೀನು ಇಟ್ಟಿದ್ದೆ. ಮರುದಿನ ಇನ್ನೊಂದಿತ್ತು. ಹೇಗೆ ತೆಗೀಲಿ ಹೇಳು? ಅಂಕಿ ಇಪ್ಪತ್ತಾರು ಇತ್ತು, ಪರವಾಗಿಲ್ಲ ಅಂದ್ಕೊಂಡೆ. ಬೇರೆ ಏನಾದ್ರೂ ಕಾರಣ ಇರಲಿ, ಬೇರೆ ಏನಾದ್ರೂ ಇರಲಿ ಅಂತ ಉಪ್ಪು ನೋಡಿದೆ, ಸುಣ್ಣ ನೋಡಿದೆ...”

“ದೇವರನ್ನ ಬಾಲ್ಕನಿಗೆ ಹಾಕಿಸಿದ್ರಿ” ಎಂದಳು ಬಿಶ್ಯಾ.

“ಹಾಕಿಸಿದೆ.”

“ತಪ್ಪನ್ನ ನನ್ನ ರೊಟ್ಟಿ ಮೇಲೆ ಹಾಕಿದ” ಎಂದೆ ನಾನು. ಅವರಿಗೆ ಕೇಳಿಸಲಿಲ್ಲ.

“ನೀವು ಮೇಲೆ ಒಂದು ಇಟ್ರಿ, ಆದ್ರೂ ವಾಸಿ ಆಗಲಿಲ್ಲ” ಎಂದಳು ಬಿಶ್ಯಾ. “ಒಂದು ಸಾಲದೇನೋ ಅಂತ ನಾನು ಇಟ್ಟೆ. ನಿಮಗೆ ಕಂಡ್ರೆ ನಗ್ತೀರಿ ಅಂತ ಹಿಂದೆ ಇಟ್ಟೆ. ಮಧ್ಯಾಹ್ನ ಮಲಗಿದಾಗೆಲ್ಲ ಇನ್ನೊಂದು ತಂದು ಇಟ್ಟೆ. ಅದು ಸತ್ರೆ ನೀವು ನನ್ನ ಹತ್ರ...” ಅಲ್ಲಿಗೆ ಅವಳ ಸಹನೆ ಹರಿಯಿತು. ಪಕ್ಕದಲ್ಲಿದ್ದ ಸೀಬೆಹಣ್ಣು ತೆಗೆದು ಗಂಡನ ಭುಜಕ್ಕೆ ಎಸೆದಳು. “ಗೂಬೆ! ಗೊತ್ತಿದ್ದೂ ಸುಮ್ನಿದ್ರಾ! ತೆಗೀಬೇಕಿತ್ತು! ತೆಗೆದು ನನ್ನ ಮುಖಕ್ಕೆ ಎಸೆದು, ಏ ದಡ್ಡಿ, ಕಿಂಡಿ ಮುಚ್ಚಬೇಡ ಅಂತ ಒಂದು ಮಾತು ಬೈಯಬೇಕಿತ್ತು!”

“ಬೈದ್ರೆ ನೀನು ಇಡೋದು ನಿಲ್ಲಿಸ್ತಿದ್ದೆ” ಎಂದ ಜಿನ್‌ಶ್ವೇ. ಈ ಮನುಷ್ಯ ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಡುತ್ತಾನೆ.

ನಾನು ಪ್ಯಾಕೆಟ್ಟುಗಳನ್ನು ನನ್ನ ಏಪ್ರನ್ನಿಗೆ ತುಂಬಿಕೊಳ್ಳುತ್ತ ಹೋದೆ. ಯಂತ್ರದ ಫ್ಯಾನು ತಿರುಗುವ ಸದ್ದು ಮತ್ತೆ ಶುರುವಾಯಿತು. ಅವರಿಬ್ಬರು ಆಗಲೇ ಜೋರು ದನಿಯಲ್ಲಿ ಸಂಕ್ರಮಣದ ಸಾರಿನ ವಿಚಾರಕ್ಕೆ ಹೋಗಿದ್ದರು. ಬಕೆಟ್ಟಿನ ಮೇಲೆ ಯಾಕೆ ಗುರುತು ಹಾಕಿರಲಿಲ್ಲ, ರುಚಿ ಯಾಕೆ ನೋಡಿರಲಿಲ್ಲ, ಅಣ್ಣನ ಮುಂದೆ ಎದೆ ಹಿಡಿದುಕೊಂಡದ್ದು ಯಾಕೆ. ಎಷ್ಟೋ ತಿಂಗಳ ಬಾಕಿ ಜಗಳ. ಸಂಜೆಯವರೆಗೂ ನನ್ನ ಚಾವಣಿ ಅದುರುತ್ತಿತ್ತು. ಕೆಳಗೆ ಕೂತು ಒಂದು ಜಾಣಮರಿ ಒಡೆದು ತಿಂದೆ. ಮೆತ್ತಗಾಗಿತ್ತು. ದಿನಾಂಕ ನೋಡಿದರೆ ಯಾವತ್ತೋ ಮುಗಿದಿತ್ತು. ಬಿಶ್ಯಾ ಕಡಿಮೆ ಬೆಲೆಗೆ ಸಿಗುವ ಬುಟ್ಟಿಯಿಂದ ತಂದದ್ದು, ಇನ್ನೇನಾಗಿರುತ್ತದೆ. ನನಗೆ ಅಳು ಬಂತು. ಯಾಕೆ ಎಂದು ಕೇಳಬೇಡಿ, ಅಷ್ಟೊಂದು ಹಳಸಲು ತಿಂಡಿ ಒಬ್ಬಳೇ ತಿಂದರೆ ಯಾರಿಗಾದರೂ ಬರುತ್ತದೆ.

ಮುಖಂಡರು ಸಾಯಲಿಲ್ಲ. ಕೆಲವು ದಿನ ಮಂಕಾಗಿ ಬಿದ್ದಿದ್ದು, ಮೈಮೇಲಿನ ಮೇಣದಂಥ ಪೊರೆ ಕಳಚಿಕೊಂಡು, ಚಹಾ ತಟ್ಟೆಯಷ್ಟು ಚಿಕ್ಕದಾದ ಟೋಪಿಯೊಂದಿಗೆ ಎದ್ದು ನಿಂತರು. ಸ್ವಲ್ಪ ಎಡಕ್ಕೆ ವಾಲಿದ್ದಾರೆ. ಈಗ ಅವರಿಗೆ ಕೆಲಸವಿಲ್ಲ. ಮೇಲಿನ ಮನೆಯಲ್ಲಿ ಎಲ್ಲ ನೇರ ವ್ಯವಹಾರ. ಮರ್ಯಾದೆಯೂ ಅಷ್ಟರಲ್ಲೇ ಇದೆ. “ಶುಂಠಿ ಜಾಸ್ತಿ ಆಯ್ತು!” “ಆದ್ರೆ ಉಗೀರಿ!” ನನ್ನ ಗಿರಾಕಿಗಳು ರೊಟ್ಟಿ ಮುಗಿದೊಡನೆ ಎದ್ದು ಹೋಗುತ್ತಾರೆ, ಸಾಮಾನ್ಯ ಗಂಡಹೆಂಡಿರ ಜಗಳವನ್ನು ಯಾರು ಕೂತು ಕೇಳುತ್ತಾರೆ?

ಮೊನ್ನೆ ಸೋಯಾ ಹಾಲು ಕೊಡಲು ಮೇಲೆ ಹೋದಾಗ ಕಪಾಟಿನ ಬಾಗಿಲು ತೆರೆದಿತ್ತು. ಕಿಂಡಿ ಖಾಲಿ. ಯಂತ್ರ ತಣ್ಣಗೆ ಗುನುಗುತ್ತಿತ್ತು. ಅದರ ನೆತ್ತಿಯ ಮೇಲೆ ಒಂದೇ ಒಂದು ಹಸಿರು ಪ್ಯಾಕೆಟ್ಟು. ಜಿನ್‌ಶ್ವೇಯದಲ್ಲ, ಅವನದಕ್ಕೆ ಮೂಲೆ ಮಡಿಕೆ ಇರುವುದಿಲ್ಲ. ಇದು ಬಿಶ್ಯಾ ಸಂದಿಯಲ್ಲಿ ತುರುಕಿ ಮುದುಡಿದ್ದು, ನನ್ನ ಏಪ್ರನ್ನಿಗೆ ಸಿಗದಂತೆ ಅವನು ಒಂದನ್ನು ತೆಗೆದಿಟ್ಟುಕೊಂಡಿರಬೇಕು. ಬಗ್ಗಿ ಓದಿದೆ.

“ಏಯ್ ಜಿನ್‌ಶ್ವೇ, ಇದರ ದಿನಾಂಕ ಮುಗಿದು ಎಷ್ಟೋ ಕಾಲ ಆಯ್ತಲ್ಲೋ! ಬದಲಾಯಿಸಲ್ವಾ?”

ದಿನಾಂಕ ಮುಗಿದ ಪ್ಯಾಕೆಟ್ಟಿಗಾಗಿ ಕಾರ್ಖಾನೆ ನಿಲ್ಲಿಸಿದ ಮನುಷ್ಯ ಗಾಜು ಒರೆಸುತ್ತಿದ್ದವನು ತಿರುಗಿಯೂ ನೋಡಲಿಲ್ಲ.

“ಮುಟ್ಬೇಡಿ ಅಕ್ಕಾ” ಎಂದ. “ಅದು ಓಡ್ತಾ ಇದೆ.”